ಬಾಕಿದಾರರ ಪಟ್ಟಿ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನಾದರೊಂದು ಚಟ ಬೇಕೇ ಬೇಕು. ನನ್ನ ಜೊತೆ ನಿವೃತ್ತರಾದ ಡ್ರಿಲ್ ಮೇಷ್ಟ್ರು ಇಸ್ಪೀಟು ಹಿಡಿದರು. ಕನ್ನಡ ಪಂಡಿತರು ಮಂಡಿನೋವು ಹಿಡಿದರು. ನಾನು ಅರ್ಜಿ ಹಿಡಿದೆ. ಬೇರೆ ಚಟವಾಗಿದ್ದರೆ ಹೆಂಡತಿ ಬಯ್ದೋ ಅತ್ತೋ ಬಿಡಿಸುತ್ತಿದ್ದಳು. ಅರ್ಜಿ ಬರೆಯುವ ಚಟಕ್ಕೆ ಬೀದಿಯವರೇ ಶಾಲು ಹೊದಿಸುತ್ತಾರೆ, ಹಾಗಾಗಿ ಬಿಡಿಸಲು ಯಾರಿಗೂ ಆಗಲಿಲ್ಲ. ಟಿ. ನರಸೀಪುರದ ಹೈಸ್ಕೂಲೊಂದರಲ್ಲಿ ಇಡೀ ಸರ್ವೀಸು ಗಣಿತ ಹೇಳಿಕೊಟ್ಟು, ನಂಜನಗೂಡಿನ ಹೊಸ ಬಡಾವಣೆಯಲ್ಲಿ ಒಂದು ಮನೆ ಕಟ್ಟಿಕೊಂಡು, ಇನ್ನು ಹಾಯಾಗಿರೋಣ ಎಂದು ಕೂತವನು ನಾನು. ಹಾಯಾಗಿರುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ.

ಶುರುವಾದದ್ದು ಒಂದು ಬೀದಿ ದೀಪದಿಂದ. ನಮ್ಮ ಮನೆ ಮುಂದಿನ ದೀಪ ಹಗಲೆಲ್ಲ ಉರಿದು ಕತ್ತಲಾದೊಡನೆ ಆರಿಹೋಗುತ್ತಿತ್ತು. ನಗರಸಭೆಗೆ ಹೋಗಿ ಹೇಳಿದೆ. ಗುಮಾಸ್ತ ತಲೆ ಎತ್ತದೆ, "ಯಾರ್ ನೀವು?" ಎಂದ. ಇಡೀ ಸರ್ವೀಸಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಏನು ಹೇಳುವುದೆಂದು ತಿಳಿಯದೆ, "ಕಂದಾಯ ಕಟ್ಟಿರೋನು ಕಣಪ್ಪ" ಎಂದುಬಿಟ್ಟೆ. ಅವನು ತಲೆ ಎತ್ತಿದ. ಕುರ್ಚಿ ತೋರಿಸಿದ. ಅದೇ ವಾರ ದೀಪವೂ ಸರಿಹೋಯಿತು. ಆಮೇಲೆ ಆ ಮಾತು ನನ್ನ ನಾಲಿಗೆಯಿಂದ ಇಳಿಯಲೇ ಇಲ್ಲ. ಚರಂಡಿ ಕಟ್ಟಿಕೊಂಡರೂ ಅದೇ, ನಲ್ಲಿಯಲ್ಲಿ ಕೆಸರು ಬಂದರೂ ಅದೇ. ಒಮ್ಮೆ ಮೈಸೂರು ಬಸ್ಸಿನಲ್ಲಿ ಸೀಟು ಸಿಗದಾಗ ಕಂಡಕ್ಟರಿಗೂ ಹೇಳಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಜಯಮ್ಮ, "ಮೊದಲು ಟಿಕೆಟ್ ತಗೊಳ್ಳಿ" ಎಂದಳು.

ಹೀಗೆ ಹುಟ್ಟಿದ್ದು ನಮ್ಮ ಬಡಾವಣೆಯ ಕಂದಾಯ ಪಾವತಿದಾರರ ವೇದಿಕೆ. ಸ್ಥಾಪಕ ಅಧ್ಯಕ್ಷ ನಾನು. ಸದಸ್ಯರು ಹನ್ನೊಂದು ಜನ, ಎಲ್ಲರೂ ಜಯಮ್ಮನ ಕಾಫಿಯ ಮೇಲೆ ನಂಬಿಕೆಯಿಟ್ಟು ಬಂದವರು. ಲೆಟರ್‌ಹೆಡ್ ಮಾಡಿಸಿದೆವು, ದುಂಡನೆಯ ಸೀಲು ಮಾಡಿಸಿದೆವು. ವೇದಿಕೆಯನ್ನು ತಾಲ್ಲೂಕಿನಾಚೆಗೂ ಬೆಳೆಸಬೇಕೆಂದು ಹುಮ್ಮಸ್ಸು ಬಂದು, ಟಿ. ನರಸೀಪುರದಲ್ಲಿ ನನ್ನ ಭಾವಮೈದನ ಅಂಗಡಿ ಮುಂದೆ ಒಂದು ಶಾಖೆ ತೆರೆದೆ. ಉದ್ಘಾಟನೆಗೆ ಎಂಟು ಜನ ಸೇರಿದ್ದರು. ನಾನು ಕಂದಾಯದ ಮಹತ್ವ ಹೇಳುತ್ತಿರುವಾಗ ಬನ್ನೂರಿನ ಬಸ್ಸು ಬಂತು, ಐವರು ಎದ್ದು ಹತ್ತಿಕೊಂಡರು. ಉಳಿದ ಮೂವರಲ್ಲಿ ಒಬ್ಬ ಭಾವಮೈದ, ಇನ್ನೊಬ್ಬ ಮೈಕಿನವನು. ಮೂರನೆಯವರಿಗೆ ಸೋಸಲೆಯ ಬಸ್ಸು ಇನ್ನೂ ಬಂದಿರಲಿಲ್ಲ. ಆ ಶಾಖೆ ಈಗಲೂ ಇದೆ ಎಂದು ಭಾವಮೈದ ಹೇಳುತ್ತಾನೆ.

ನನ್ನ ಬಲವೆಲ್ಲ ಇದ್ದದ್ದು ರಸೀದಿಯಲ್ಲಿ. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ರಿಯಾಯಿತಿಯುಂಟು. ಒಂದನೇ ತಾರೀಕು ಬಾಗಿಲು ತೆಗೆಯುವ ಮೊದಲೇ ನಾನು ಅಲ್ಲಿರುತ್ತಿದ್ದೆ. ಹಿಂದಿನ ವರ್ಷದ ರಸೀದಿ ತೋರಿಸಿದರೆ ಅದರಲ್ಲಿರುವ ನಂಬರನ್ನು ನೋಡಿ ಹೊಸದನ್ನು ಕೊಡುವುದು ಅಲ್ಲಿಯ ಪದ್ಧತಿ. ಒಂಬತ್ತು ವರ್ಷದ ರಸೀದಿಗೂ ಲ್ಯಾಮಿನೇಷನ್ ಮಾಡಿಸಿ ಒಂದು ಫೈಲಿನಲ್ಲಿಟ್ಟಿದ್ದೆ. ಆ ಸಾಲಿನಲ್ಲಿ ಒಮ್ಮೆಯೂ ಕಾಣಿಸದ ಮನುಷ್ಯನೆಂದರೆ ನಮ್ಮ ಪಕ್ಕದ ಮನೆಯ ಪುಟ್ಟಸ್ವಾಮಿ. ಕಳಲೆಯ ಕಡೆಯವನು, ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ನಮ್ಮಿಬ್ಬರ ಸೈಟೂ ಒಬ್ಬರಿಂದಲೇ ಕೊಂಡದ್ದು. ಮನೆಗಳನ್ನೂ ಒಬ್ಬನೇ ಮೇಸ್ತ್ರಿ ಒಂದೇ ಅಳತೆಯಲ್ಲಿ ಕಟ್ಟಿದ್ದು. ಅವನ ಕೊಟ್ಟಿಗೆಯ ವಾಸನೆ ನಮ್ಮ ದೇವರಮನೆಗೆ ಬರುತ್ತದೆಂಬ ಸಿಟ್ಟೂ ನನಗಿತ್ತು, ಸುಳ್ಳೇಕೆ ಹೇಳಲಿ. ಒಮ್ಮೆ ತಡೆಯಲಾರದೆ, "ಕಂದಾಯ ಕಟ್ಟಿದೆಯೇನಪ್ಪ?" ಎಂದು ಕೇಳಿದೆ. "ಕಟ್ಟದಂತೆ ಮೇಷ್ಟ್ರೇ" ಎಂದು ನಕ್ಕ. ಕಟ್ಟಿದವನು ಕಟ್ಟಿದ್ದೀನಿ ಅನ್ನುತ್ತಾನೆ. ಯಾರೋ ಹೇಳಿದ ಹಾಗೆ, ಕಟ್ಟಿದೆಯಂತೆ ಎಂದರೇನು? ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಹೆಸರು ಸಮೇತ ನೋಟೀಸ್ ಬೋರ್ಡಿಗೆ ಹಾಕಬೇಕು ಎಂಬ ನನ್ನ ಹೋರಾಟ ಶುರುವಾದದ್ದು ಆ ಒಂದು ಮಾತಿನಿಂದ. ಮೂರು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿದೆ. ಅಷ್ಟರಲ್ಲಿ ವಾರ್ಡಿನ ಚುನಾವಣೆ ಬರುವ ಸುದ್ದಿ ಹರಡಿ, "ಈ ಸಾರಿ ನೀವೇ ನಿಲ್ಲಬೇಕು ಮೇಷ್ಟ್ರೇ, ಎದುರಿಗೆ ನಿಲ್ಲೋ ಗಂಡು ಯಾರಿದ್ದಾನೆ" ಎಂದು ವೇದಿಕೆಯವರು ಪಟ್ಟು ಹಿಡಿದು ಕೂತರು. ಬಾಯಲ್ಲಿ ಬೇಡ ಬೇಡ ಎಂದೆ. ಮನಸ್ಸಿನಲ್ಲಿ ಖಾದಿ ಜುಬ್ಬದ ಅಳತೆ ಕೊಟ್ಟಾಗಿತ್ತು. ನಿಲ್ಲುವವರು ಬಾಕಿ ಇಲ್ಲವೆಂಬ ಸರ್ಟಿಫಿಕೇಟು ತರಬೇಕಂತೆ ಎಂದರು. ನಾನು ನನ್ನ ಫೈಲನ್ನು ತಟ್ಟಿ ತೋರಿಸಿದೆ.

ಕೊನೆಗೂ ಪಟ್ಟಿ ಬೋರ್ಡಿಗೆ ಬಂತು. ಹಿಂದಿನ ವರ್ಷ ನಗರಸಭೆಯವರು ಮನೆ ಮನೆಗೆ ಬಂದು ವಾಸವಿರುವವರ ಹೆಸರು ಬರೆದುಕೊಂಡು ಹೋಗಿದ್ದರಲ್ಲ, ಆ ಹೆಸರುಗಳ ಪ್ರಕಾರವೇ ಮಾಡಿದ ಪಟ್ಟಿ. ಬೀದಿಯ ಮೂವತ್ತು ನಲವತ್ತು ಜನರನ್ನು ಕರೆದುಕೊಂಡು ಹೋದೆ. ಹಲವರು ಕನ್ನಡಕ ತಂದಿರಲಿಲ್ಲ. "ನೀವೇ ಗಟ್ಟಿಯಾಗಿ ಓದಿ ಸಾ" ಎಂದರು. ಹಾಜರಿ ಕರೆದು ಕರೆದು ಪಳಗಿದ ಗಂಟಲು. ಒಂದು ಹೆಸರು ಓದುವುದು, ಸ್ವಲ್ಪ ನಿಲ್ಲಿಸುವುದು, ಜನ ಗುಸುಗುಸು ಎನ್ನುವುದಕ್ಕೆ ಅವಕಾಶ ಕೊಡುವುದು, ಮುಂದಿನ ಹೆಸರು ಓದುವುದು. ನಮ್ಮ ಬೀದಿ ಬಂದಾಗ ಪುಟ್ಟಸ್ವಾಮಿಯ ಹೆಸರಿಗಾಗಿ ಗಂಟಲು ಸರಿಮಾಡಿಕೊಂಡೆ. ಅದೇ ಭರದಲ್ಲಿ ನನ್ನ ಹೆಸರನ್ನು, ಇನಿಷಿಯಲ್ ಸಹಿತ, ನಿವೃತ್ತ ಶಿಕ್ಷಕರು ಎಂಬುದನ್ನೂ ಬಿಡದೆ, ಒಂಬತ್ತು ವರ್ಷದ ಬಾಕಿ ಎಂದು ಸ್ಪಷ್ಟವಾಗಿ ಓದಿದೆ. ಓದಿಯಾದ ಮೇಲೆ ನನಗೆ ಅರ್ಥವಾಯಿತು. ಹಿಂದಿನಿಂದ ಯಾವನೋ ಒಬ್ಬ, ನನ್ನ ಹಳೆಯ ಶಿಷ್ಯನೇ ಇರಬೇಕು, "ಪ್ರೆಸೆಂಟ್ ಸಾ" ಎಂದ.

ಒಳಗೆ ನುಗ್ಗಿದೆ. ಅಲ್ಲಿ ಕಂದಾಯ ನೋಡಿಕೊಳ್ಳುವ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವಳು, ಸಮಾಧಾನವಾಗಿ ಫೈಲು ತೆರೆದು ನೋಡಿದಳು. "ಸರ್, ಈ ರಸೀದಿಗಳೆಲ್ಲ ಸಾವಿರದ ನೂರ ನಲವತ್ತೆಂಟನೇ ನಂಬರಿಗೆ ಕಟ್ಟಿರೋದು. ನಿಮ್ಮ ಮನೆ ನಲವತ್ತೇಳು. ನಲವತ್ತೆಂಟು ನಿಮ್ಮ ಪಕ್ಕದ ಪುಟ್ಟಸ್ವಾಮಿ ಅವರದು" ಎಂದಳು. ನಾನು ನಂಬಲಿಲ್ಲ. ಖಾತೆ ಇನ್ನೂ ಬದಲಾಗದ್ದರಿಂದ ನಮ್ಮ ಎರಡು ಮನೆಗೂ ಇವತ್ತಿಗೂ ಸೈಟು ಮಾರಿದವರ ಹೆಸರಿನಲ್ಲೇ ರಸೀದಿ ಬರುತ್ತದೆ, ಬೇರೆ ಇರುವುದು ನಂಬರೊಂದೇ. ಬಾಕಿಯ ನೋಟೀಸುಗಳೂ ಅವರ ಹೆಸರಿಗೆ ಅವರ ಊರಿಗೇ ಹೋಗಿದ್ದವಂತೆ. "ಯಾರೋ ತಪ್ಪು ನಂಬರು ಹಾಕಿದ್ದಾರೆ. ನೀವು ಮೊದಲ ವರ್ಷ ಕೊಟ್ಟ ಫಾರಂ ಇಲ್ಲೇ ಇರುತ್ತೆ, ತೆಗೆಸ್ತೀನಿ, ಈಗಲೇ ನೋಡಿ" ಎಂದು ಎದ್ದಳು. ನಾನು ಬೇಡ ಎಂದೆ. ತಪ್ಪು ಮಾಡಿದವರು ಯಾರೆಂದು ದಾಖಲೆಯಾಗಬೇಕು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ, ಸೀಲು ಹಾಕಿದ ನಕಲು ಕೊಡಿ ಎಂದೆ. "ಸರ್, ಎರಡು ನಿಮಿಷ ಅಷ್ಟೇ" ಎಂದಳು ಪಾಪ. ಕಾನೂನು ಎಂದರೆ ಕಾನೂನು ಎಂದು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡು ಬಂದೆ.

ಉತ್ತರ ಕೊಡಲು ಅವರಿಗಿದ್ದ ಮೂವತ್ತು ದಿನ ನಾನು ಸುಮ್ಮನಿರಬಹುದಿತ್ತು. ವೇದಿಕೆಯ ತುರ್ತುಸಭೆ ಕರೆದು, ತಪ್ಪು ನಂಬರು ಬರೆದ ಬೇಜವಾಬ್ದಾರಿ ವ್ಯಕ್ತಿ ಯಾರೇ ಆಗಿರಲಿ, ಇಡೀ ಬಡಾವಣೆಯ ಮುಂದೆ ನಿಂತು ಕ್ಷಮೆ ಕೇಳಬೇಕೆಂದು ನಿರ್ಣಯ ಮಾಡಿಸಿದೆ. ಮೂವತ್ತನೆಯ ದಿನ ನಕಲು ಬಂತು. ಒಂಬತ್ತು ವರ್ಷದ ಹಿಂದಿನ ಸ್ವಯಂ ಘೋಷಣೆಯ ಫಾರಂ. ಮುತ್ತಿನಂಥ ಅಕ್ಷರ. ಏಳು ಬರೆಯಬೇಕಾದ ಕಡೆ ಎಂಟು ಬರೆದು, ಕೆಳಗೆ ಸಹಿ ಹಾಕಿದ್ದವನು ನಾನೇ. ಅವತ್ತು ನಂಬರಿನ ಚೀಟಿ ಮನೆಯಲ್ಲಿ ಮರೆತುಹೋಗಿತ್ತು. ಚೀಟಿ ಯಾಕೆ, ನಾನು ಗಣಿತದ ಮೇಷ್ಟ್ರು, ಬಾಯಿಪಾಠ ಇದೆ ಎಂದು ಗುಮಾಸ್ತನೆದುರು ಜಂಬ ಕೊಚ್ಚಿ ಬರೆದದ್ದು ಆಗ ಜ್ಞಾಪಕಕ್ಕೆ ಬಂತು. ಜಯಮ್ಮ ಕಾಗದ ಇಸಿದುಕೊಂಡು ನೋಡಿ, "ಸಭೆ ಯಾವತ್ತು ಇಟ್ಕೋತೀರಿ?" ಎಂದಳು.

ನನ್ನ ಮಾನ ಉಳಿಯುವುದಕ್ಕೆ ಒಂದೇ ದಾರಿಯಿತ್ತು. ಇಬ್ಬರೂ ಸೇರಿ ಜಂಟಿ ಅರ್ಜಿ ಕೊಟ್ಟರೆ ರಸೀದಿಗಳನ್ನೆಲ್ಲ ನನ್ನ ನಂಬರಿಗೆ ತಿರುಗಿಸಬಹುದು ಎಂದು ಆ ಹೆಣ್ಣುಮಗಳು ಹೇಳಿದ್ದಳು. ಹಾಗೆ ಮಾಡಿದರೆ ಪಟ್ಟಿಯಿಂದ ನಾನು ಇಳಿಯುತ್ತೇನೆ, ಪುಟ್ಟಸ್ವಾಮಿ ಏರುತ್ತಾನೆ. ಅದು ನ್ಯಾಯವೇ. ಅರ್ಜಿಯನ್ನು ಅಚ್ಚುಕಟ್ಟಾಗಿ ಬರೆದು, ಅವನು ಸಹಿ ಮಾಡಬೇಕಾದ ಜಾಗದಲ್ಲಿ ಪೆನ್ಸಿಲಿನ ಗುರುತು ಹಾಕಿ, ಜೇಬಿನಲ್ಲಿಟ್ಟುಕೊಂಡು ಸಾಯಂಕಾಲ ಅವನ ಕೊಟ್ಟಿಗೆಗೆ ಹೋದೆ. ಹಾಲು ಕರೆಯುತ್ತಿದ್ದವನು ನನ್ನ ಮುಖ ನೋಡಿಯೇ ಎದ್ದು ಸ್ಟೂಲು ಕೊಟ್ಟ.

"ಬೋರ್ಡ್ ವಿಚಾರ ಕೇಳ್ದೆ. ಮನ್ಸಿಗ್ ಅಚ್ಕೋಬೇಡಿ ಮೇಷ್ಟ್ರೇ. ಎಲ್ಲಾರ್ಗೂ ನನ್ನಂಗೆ ಪುಣ್ಯ ಇರದಿಲ್ಲ" ಎಂದ.

"ನಿನಗೇನಪ್ಪ ಪುಣ್ಯ?" ಎಂದೆ. ಕೈ ಜೇಬಿನಲ್ಲೇ ಇತ್ತು.

"ನಾನು ಕಳಲೆ ಬುಟ್ಟು ಇಲ್ಲಿ ಮನೆ ಕಟ್ಟಿದ್ದು ನಮ್ಮಪ್ಪುಂಗೆ ಸುತ್ರಾಂ ಇಷ್ಟ ಇರ್ನಿಲ್ಲ. ನಿನ್ ಮನೆ ವಸ್ಲು ತುಳಿಯಕಿಲ್ಲ ಅಂದ. ತುಳೀನೂ ಇಲ್ಲ. ಮಾತೂ ಆಡ್ನಿಲ್ಲ, ಅಂಗೇ ಒಂಟೋದ. ತಿಥಿ ಮುಗ್ಸ್ಕಂಡು ಕಂದಾಯ ಕಟ್ಟವಾ ಅಂತ ಓದ್ರೆ, ನಿಂದು ಆಗ್ಲೇ ಕಟ್ಟದಲ್ಲಪ್ಪ ಅಂದ್ರು. ಮಾರ್ನೇ ವರ್ಸಾನೂ ಅಂಗೇ ಅಂದ್ರು. ನಂಗೆ ಆಗ ಗೊತ್ತಾಯ್ತು ಕಣಿ. ನಮ್ಮಪ್ಪ ಮುಂಗಡ್ವಾಗಿ ಕಟ್ಟೋ ಏರ್ಪಾಡ್ ಮಾಡ್ಬುಟ್ಟೇ ಓಗವ್ನೆ. ಬಾಯ್ಬುಟ್ಟು ಏಳ್ನಿಲ್ಲ, ಅಷ್ಟೇಯ."

"ಯಾರು ಕಟ್ಟಿದ್ದು ಅಂತ ಕೇಳಲಿಲ್ಲವಾ?"

"ಯಾಕ್ ಕೇಳ್ಲಿ? ನಮ್ಮಪ್ಪುಂಗೆ ಎಸ್ರು ಏಳ್ಕಳದು ಆಯ್ತಿರ್ನಿಲ್ಲ." ಹೇಳುತ್ತಾ ಅವನು ಮುಂಗೈಯಲ್ಲಿ ಕಣ್ಣೊರೆಸಿಕೊಂಡ. "ಯುಗಾದಿ ಎಡೇಲಿ ಒಂದ್ ಒಬ್ಬಟ್ಟು ಜಾಸ್ತಿ ಮಡಗ್ತೀನಿ ಮೇಷ್ಟ್ರೇ."

ನನಗೆ ಒಂಬತ್ತು ವರ್ಷದ ರಸೀದಿಗಳೂ ನೆನಪಾದವು, ಬೋರ್ಡಿನ ಮೇಲಿನ ನನ್ನ ಹೆಸರೂ ನೆನಪಾಯಿತು. ಕಾಗದ ಹೊರಗೆ ತೆಗೆದರೆ ಆಯಿತು, ಒಂದು ನಿಮಿಷದ ಕೆಲಸ. ತೆಗೆಯಲು ಕೈ ಬರಲಿಲ್ಲ. ಸತ್ತ ತಂದೆ ಒಂಬತ್ತು ವರ್ಷದಿಂದ ಮಗನ ಜೊತೆ ರಾಜಿಯಾಗಿದ್ದಾನೆ, ಅವರ ಮಧ್ಯೆ ನನ್ನದೇನು ಜಂಟಿ ಅರ್ಜಿ ಅನಿಸಿತು. "ಏನೋ ಏಳಕ್ ಬಂದ್ರಲ್ಲ?" ಎಂದು ಅವನೇ ಕೇಳಿದ. ನಾಳೆಯಿಂದ ಅರ್ಧ ಲೀಟರ್ ಹಾಲು ಜಾಸ್ತಿ ಹಾಕು ಎಂದು ಹೇಳಿ ಬಂದೆ. ಅಷ್ಟು ಹಾಲು ಯಾಕೆ ಎಂದು ಜಯಮ್ಮ ಕೇಳಿದಾಗ ಎಲ್ಲವನ್ನೂ ಹೇಳಬೇಕಾಯಿತು. ಬಯ್ಯುತ್ತಾಳೆಂದುಕೊಂಡಿದ್ದೆ. "ಇಷ್ಟು ವರ್ಷಕ್ಕೆ ಒಂದು ಒಳ್ಳೇ ಕೆಲಸ ಮಾಡಿದ್ರಿ, ಅದನ್ನೂ ಗೊತ್ತಿಲ್ದೆ ಮಾಡಿದ್ರಿ" ಎಂದಳು.

ನನ್ನ ನಂಬರಿಗೆ ಒಂಬತ್ತು ವರ್ಷದ್ದನ್ನು ದಂಡ ಸಹಿತ ಕಟ್ಟಿದೆ. ನಿರ್ಣಯದಂತೆ ಸಭೆಯಲ್ಲಿ ನಿಂತು, ತಪ್ಪು ನನ್ನದೇ ಎಂದು ಕ್ಷಮೆಯನ್ನೂ ಕೇಳಿದೆ; ದುಡ್ಡು ಯಾರ ನಂಬರಿಗೆ ಹೋಗಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ಹೀಗಾಗಿ ಬಡಾವಣೆಯ ಲೆಕ್ಕದಲ್ಲಿ ನಾನು ಒಂಬತ್ತು ವರ್ಷ ಕಂದಾಯವನ್ನೇ ಕಟ್ಟದೆ ಭಾಷಣ ಮಾಡಿದವನಾದೆ. ಚುನಾವಣೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವೇದಿಕೆಗೆ ಹೊಸ ಅಧ್ಯಕ್ಷರು ಬೇಕಾಯಿತು. ಬೀದಿಯಲ್ಲಿ ಯಾರ ದಾಖಲೆ ಶುದ್ಧವಾಗಿದೆ ಎಂದು ಹುಡುಕಿದಾಗ, ಒಂಬತ್ತು ವರ್ಷವೂ ಏಪ್ರಿಲ್ ಒಂದನೇ ತಾರೀಕೇ ಜಮೆಯಾಗಿರುವ ಮನೆ ಪುಟ್ಟಸ್ವಾಮಿಯದೊಂದೇ. ಅವಿರೋಧವಾಗಿ ಆರಿಸಿದರು. ಮಾಜಿ ಅಧ್ಯಕ್ಷನಾಗಿ ಅವನಿಗೆ ಶಾಲು ಹೊದಿಸಿದ್ದು ನಾನೇ.

ಪುಟ್ಟಸ್ವಾಮಿ ಅಧ್ಯಕ್ಷಗಿರಿಯನ್ನು ಶ್ರದ್ಧೆಯಿಂದ ನಡೆಸುತ್ತಿದ್ದಾನೆ. ನಾನು ಬರೆದುಕೊಟ್ಟ ಅರ್ಜಿ ಹಿಡಿದು ಹೋಗುತ್ತಾನೆ, ಹಾಲಿನ ಲೆಕ್ಕ ಹೇಳಿದಷ್ಟೇ ಸಲೀಸಾಗಿ ಮಾತಾಡುತ್ತಾನೆ, ಕೆಲಸ ಮಾಡಿಸಿಕೊಂಡು ಬರುತ್ತಾನೆ. ಮೊನ್ನೆ ಮಾರ್ಚ್ ಮೂವತ್ತೊಂದರಂದು ಸಂಜೆ ಹಾಲಿನ ಕ್ಯಾನಿನ ಸಮೇತ ನಮ್ಮ ಗೇಟಿನ ಹತ್ತಿರ ನಿಂತು, ಬೀದಿಗೆಲ್ಲ ಕೇಳುವಂತೆ ಕರೆದ.

"ಮೇಷ್ಟ್ರೇ, ಬೇಜಾರ್ ಮಾಡ್ಕಬೇಡಿ, ಅಧ್ಯಕ್ಷ ಆದ್ಮೇಲೆ ಏಳ್ಲೇಬೇಕು. ನಾಳೆ ಒಂದ್ನೇ ತಾರೀಕು. ಈ ಸಾರಿಯಾದ್ರೂ ಕಂದಾಯ ಕಟ್ಟಾದ್ ಮರೀಬೇಡಿ."

ಮರೆಯೋಲ್ಲ ಕಣಪ್ಪ ಎಂದೆ. ಮರೆತರೆ ಹೇಗೆ, ಎರಡು ಮನೆಯದು ಕಟ್ಟಬೇಕು.