ತೇಲದ ಕೆನೆ

ನಾನು ಕಾಫಿ ಕುಡಿಯುವುದಿಲ್ಲ. ಪುಣೆಯಲ್ಲಿ ಮೂವತ್ತೊಂದು ವರ್ಷಗಳಿಂದ ಇದನ್ನು ಹೇಳುತ್ತ ಬಂದಿದ್ದೇನೆ. ಇಲ್ಲಿಯವರೆಗೆ ಒಬ್ಬರೂ ನಂಬಿಲ್ಲ. ಕರ್ನಾಟಕದವನು ಎಂದು ಬಾಯಿ ಬಿಡುವುದೇ ತಡ, ಇಲ್ಲಿನವರ ಕಣ್ಣಿಗೆ ನನ್ನ ಒಂದು ಕೈಯಲ್ಲಿ ಹಿತ್ತಾಳೆಯ ಫಿಲ್ಟರು, ಇನ್ನೊಂದರಲ್ಲಿ ನೊರೆಯೇರಿದ ಲೋಟ ಕಾಣಿಸತೊಡಗುತ್ತದೆ. ಅಯ್ಯಾ, ನಾನು ಧಾರವಾಡದವನು. ನಮ್ಮಲ್ಲಿ ಬೆಳಗಾಗುವುದು ಚಹಾದಿಂದ, ಮಧ್ಯಾಹ್ನ ಇಳಿಯುವುದು ಚಹಾದಿಂದ, ಬಂದವರು ಎದ್ದು ಹೋಗಬೇಕು ಅನ್ನಿಸಿದರೂ ನಾವು ಕೊಡುವುದು ಚಹಾವನ್ನೇ. ಹಡಪಸರದ ನಮ್ಮ ಪಂಪ್ ಕಾರ್ಖಾನೆಯಲ್ಲಿ ಇದನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ವರ್ಷ ವಾರ್ಷಿಕೋತ್ಸವದಲ್ಲಿ ಕಾಫಿ ಮಾಡುವ ಸ್ಪರ್ಧೆ ಇಟ್ಟು ನನ್ನನ್ನೇ ತೀರ್ಪುಗಾರನಾಗಿ ಕೂರಿಸಿದರು. ಹದಿನಾಲ್ಕು ಕಪ್ಪು. ಹದಿನಾಲ್ಕೂ ನನಗೆ ಸುಟ್ಟ ತೊಗರಿಬೇಳೆಯ ನೀರಿನಂತೆಯೇ ಇದ್ದವು. ಸಿಟ್ಟಿನಿಂದ ಮೂಲೆಯಲ್ಲಿದ್ದ ಕಪ್ಪಿಗೆ ಬಹುಮಾನ ಕೊಟ್ಟೆ. ಅದು ನಮ್ಮ ಮ್ಯಾನೇಜರರ ಹೆಂಡತಿಯದ್ದಾಗಿತ್ತು. ಅಂದಿನಿಂದ ಕಾಫಿಯ ವಿಷಯದಲ್ಲಿ ನನ್ನ ನಾಲಿಗೆ ಅಂತಿಮ ಎಂಬ ಕೀರ್ತಿ ಬೇರೆ ಹಬ್ಬಿತು.

ಇಷ್ಟನ್ನು ಸಹಿಸಿಕೊಂಡವನು ಐರಿಶ್ ಕಾಫಿಯ ಬಲೆಗೆ ಬಿದ್ದದ್ದು ಮಗಳ ಮದುವೆಯ ಮಾತುಕತೆಯಲ್ಲಿ. ನಮ್ಮ ಮೇಘಾ ಯೆರವಡಾದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯ ನಿಖಿಲ ಲೇಲೆ ಎಂಬ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಒಳ್ಳೆಯವನು. ಅವನ ತಂದೆತಾಯಿಯನ್ನು ನೋಡಲು ಶನಿವಾರ ಪೇಟೆ ಎಂಬ ಬಡಾವಣೆಯ ಅವರ ಮನೆಗೆ ನಾನೂ ನನ್ನ ಹೆಂಡತಿ ಸುಮಂಗಲೆಯೂ ಹೋದೆವು. ಲೇಲೆಯವರು ಸರ್ಕಾರಿ ಭೂಮಾಪನ ಕಚೇರಿಯಿಂದ ನಿವೃತ್ತರಾದವರು, ಸಣ್ಣ ದೇಹ, ಕಡಿಮೆ ಮಾತು. ಅವರ ಪತ್ನಿ ಎತ್ತರದ ಹೆಂಗಸು, ಕಾಲೇಜಿನಲ್ಲಿ ಕಲಿಸುತ್ತಿದ್ದರು ಎಂದು ಮೇಘಾ ಹೇಳಿದ್ದಳು. ಕುಳಿತು ಐದು ನಿಮಿಷವಾಗಿತ್ತೋ ಇಲ್ಲವೋ, ಆಕೆ ನನ್ನ ಮುಂದೆ ಹಬೆಯಾಡುವ ಕಪ್ಪು ಇಟ್ಟು, “ತುಮ್ಹೀ ಕರ್ನಾಟಕಾತಲೇ, ಮ್ಹಣೂನ್ ಖಾಸ್ ಕಾಫೀ ಕೇಲೀ” ಎಂದರು. ಕರ್ನಾಟಕದವರೆಂದು ನನಗಾಗಿಯೇ ವಿಶೇಷವಾಗಿ ಮಾಡಿದ್ದಂತೆ! ಪಕ್ಕದಲ್ಲಿ ಲೇಲೆಯವರು ಶುಂಠಿ ಹಾಕಿದ ಚಹಾ ಹೀರುತ್ತಿದ್ದರು. ಅದರ ವಾಸನೆ ನನ್ನ ಮೂಗಿನವರೆಗೂ ಬರುತ್ತಿತ್ತು. ಮಗಳಿಗೋಸ್ಕರ ಕಣ್ಣು ಮುಚ್ಚಿ ಕಾಫಿ ಕುಡಿದೆ.

ಆಗ ನಿಖಿಲ ತನ್ನ ಮನೆಯ ಪದ್ಧತಿಯೊಂದನ್ನು ಹೇಳಿದ. ಯಾವ ಸಂತೋಷದ ಸುದ್ದಿ ಬಂದರೂ ಅವರ ಮನೆಯಲ್ಲಿ ಐರಿಶ್ ಕಾಫಿ ಆಗುತ್ತದಂತೆ. ಅಂದರೆ ಬಿಸಿ ಕಾಫಿಗೆ ವಿಸ್ಕಿ ಹಾಕಿ, ಮೇಲೆ ಕೆನೆ ತೇಲಿಸಿ ಕುಡಿಯುವುದು. ಮುಂದಿನ ಭಾನುವಾರದ ಆಚೆಯ ಭಾನುವಾರ ಅವರೆಲ್ಲ ನಮ್ಮ ಮನೆಗೆ ಬರುವುದೆಂದು ಠರಾಯಿತು. ಹೊರಡುವಾಗ ನಿಖಿಲ ವಿನಯದಿಂದ, “ಅಂಕಲ್, ನೀವು ಏನೂ ತೊಂದರೆ ತೆಗೆದುಕೊಳ್ಳಬೇಡಿ, ಸಾದಾ ಚಹಾ ಸಾಕು. ಐರಿಶ್ ಕಾಫಿ ಮಾಡುವುದು ಎಲ್ಲರಿಗೂ ಆಗುವುದಿಲ್ಲ” ಎಂದ.

ರಿಕ್ಷಾದಲ್ಲಿ ಮುಖ ಊದಿಸಿಕೊಂಡು ಕೂತೆ. ಸುಮಂಗಲೆಯೇ ಶುರುಮಾಡಿದಳು.

“ಚಹಾ ಸಾಕು ಅಂದ್ರಲ್ರೀ ಅವರು. ಮೂವತ್ತು ವರ್ಷದಿಂದ ಈ ಮಾತಿಗೇ ಕಾಯಾಕತ್ತಿದ್ರಿ. ಈಗ್ಯಾಕ ಮಾರಿ ಉಬ್ಬಿಸೀರಿ?”

“ಆಗೂದಿಲ್ಲ ಅಂದ ಅಲ್ಲ ಅವ!”

“ಎಲ್ಲಾರಿಗೂ ಆಗೂದಿಲ್ಲ ಅಂದಾರ. ನಿಮಗಂತ ಅಂದಿಲ್ಲ.”

“ಎಲ್ಲಾರಾಗ ನಾ ಬರೂದಿಲ್ಲೇನು?” ಎಂದೆ. ರಿಕ್ಷಾದವನು ಹಿಂದೆ ತಿರುಗಿ ನೋಡಿದ.

ಮೇಘಾ ಕಚೇರಿಯಿಂದ ಫೋನು ಮಾಡಿ ಗೋಗರೆದಳು. “ಪಪ್ಪಾ, ಪ್ಲೀಸ್ ಬ್ಯಾಡ್ರಿ. ಉಗೀಚ್ ಸುಮ್ಮಸುಮ್ಮನ ಟೆನ್ಶನ್ ಯಾಕ? ಚಹಾ-ಚೂಡಾ ಮಾಡೋಣು, ಮುಗೀತು.” ನನಗೆ ಇನ್ನೂ ಕೆರಳಿತು. ಮೂವತ್ತೊಂದು ವರ್ಷ ತಪಾಸಣೆ ವಿಭಾಗದಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಬಿಡದೆ ಪಂಪುಗಳನ್ನು ತಿರಸ್ಕರಿಸಿದವನು ನಾನು. ಒಂದು ಗ್ಲಾಸು ಕಾಫಿ ಮಾಡಲಾರೆನೆ?

ಮೊದಲು ಇದರ ಮೂಲವನ್ನು ಓದಿದೆ. ಓದಿದಷ್ಟೂ ಸಿಟ್ಟು ಬಂತು. ಐರ್ಲೆಂಡಿನಲ್ಲಿ ಒಂದು ಕಾಲಕ್ಕೆ ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣವಿತ್ತಂತೆ. ಚಳಿಗಾಲದ ಒಂದು ಸಲ ವಿಮಾನವೊಂದು ಹವೆ ಕೆಟ್ಟು ಅರ್ಧ ದಾರಿಯಿಂದ ಹಿಂದಿರುಗಿತಂತೆ. ನಡುಗುತ್ತ ಇಳಿದ ಪ್ರಯಾಣಿಕರನ್ನು ನೋಡಿ ಅಲ್ಲಿಯ ಅಡುಗೆಯವನು ಮರುಕಪಟ್ಟು ಕಾಫಿಗೆ ವಿಸ್ಕಿ ಸುರಿದು ಕೊಟ್ಟನಂತೆ. ಯಾರೋ ಇದು ಬ್ರೆಜಿಲ್ ಕಾಫಿಯೇ ಎಂದು ಕೇಳಿದರಂತೆ. ಅಲ್ಲ, ಐರಿಶ್ ಕಾಫಿ ಎಂದನಂತೆ. ನೋಡಿ ಅನ್ಯಾಯ! ಆ ದೇಶದಲ್ಲಿ ಒಂದು ಕಾಫಿ ಗಿಡವೂ ಬೆಳೆಯುವುದಿಲ್ಲ, ಆದರೂ ಹೆಸರು ಅವರದು. ಕಾಫಿ ಬೆಳೆಯುವ ರಾಜ್ಯದಲ್ಲಿ ಹುಟ್ಟಿದ ತಪ್ಪಿಗೆ ಕುಡಿಯುವ ಶಿಕ್ಷೆ ನನ್ನದು. ಅಷ್ಟಕ್ಕೂ ನಡುಗುವವರಿಗೆ ಒಂದು ಬಟ್ಟಲು ಮೆಣಸು-ಶುಂಠಿಯ ಕಷಾಯ ಕೊಟ್ಟಿದ್ದರೆ ಅವರೂ ಬದುಕುತ್ತಿದ್ದರು, ನಾನೂ ಬದುಕುತ್ತಿದ್ದೆ. ಮುಂದೆ ಅಮೆರಿಕದ ಒಂದು ಊರಿನಲ್ಲಿ ಇದನ್ನು ಮಾಡಲು ಹೋದವರಿಗೆ ಕೆನೆ ಪದೇ ಪದೇ ಮುಳುಗಿ ಸಾಕುಸಾಕಾಯಿತು ಎಂದೂ ಬರೆದಿತ್ತು. ಅದನ್ನು ಓದಿ ನಕ್ಕೆ. ತಾಳ್ಮೆ ಇಲ್ಲದ ಜನ ಅಂದುಕೊಂಡೆ.

ಆಮೇಲೆ ವಿಸ್ಕಿ. ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಮಹಾರಾಷ್ಟ್ರದಲ್ಲಿ ಮದ್ಯ ಕೊಳ್ಳಲು ಪರವಾನಗಿ ಚೀಟಿ ಬೇಕೆಂದು ಮಾತ್ರ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಜನ ಕಡಿಮೆ ಇರುವಾಗ ಹೋಗಿ, ಮೊದಲು ಪರವಾನಗಿ ಕೊಡಿ ಎಂದೆ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕಾಕಾ, ಪಹಿಲ್ಯಾಂದಾಚ್ ಕಾ?” ಎಂದು ಕೇಳಿದ. ಮೊದಲ ಸಲವೋ ಎಂದು! ಅದೂ ಅಂಗಡಿಗೆಲ್ಲ ಕೇಳಿಸುವ ಹಾಗೆ. ನನ್ನ ಹಿಂದಿದ್ದ ಇಬ್ಬರು ಪ್ರೀತಿಯಿಂದ ದಾರಿ ಬಿಟ್ಟರು. ಒಬ್ಬನಂತೂ ಹೆಗಲ ಮೇಲೆ ಕೈಯಿಟ್ಟು, ದುಃಖ ಯಾರಿಗೆ ತಪ್ಪಿದ್ದು ಎಂಬ ಅರ್ಥದ ಮಾತನ್ನು ಮರಾಠಿಯಲ್ಲಿ ಆಡಿದ. ನನಗೆ ಯಾವ ದುಃಖವೂ ಇಲ್ಲ, ಕಾಫಿ ಮಾಡುವುದಿದೆ ಎಂದೆ. ಅವನು ಇನ್ನೂ ಹೆಚ್ಚು ಮರುಕದಿಂದ ನೋಡಿದ. ಐರ್ಲೆಂಡಿನ ವಿಸ್ಕಿ ಇಲ್ಲ, ಇದು ನಡೆಯುತ್ತದೆ ಎಂದು ಅಂಗಡಿಯವನು ಬೇರೊಂದು ಬಾಟಲಿ ಕೊಟ್ಟ. ಚೀಟಿ ಬರೆಸಿಕೊಂಡೇ ಹೊರಬಂದೆ. ಅಷ್ಟೂ ಜನರಲ್ಲಿ ಚೀಟಿ ಕೇಳಿದವನು ನಾನೊಬ್ಬನೇ. ಅದೂ ಸಿಟ್ಟಿಗೆ ಒಂದು ಕಾರಣವಾಯಿತು.

ಮನೆಯಲ್ಲಿ ಫಿಲ್ಟರ್ ಎಲ್ಲಿಂದ ಬರಬೇಕು? ಪಾತ್ರೆ ಅಂಗಡಿಗೆ ಹೋಗಿ ಯಾವುದು ಒಳ್ಳೆಯದು ಎಂದು ಕೇಳಿದರೆ ಅಂಗಡಿಯವನು ನನ್ನ ಮರಾಠಿಯ ಧಾಟಿ ಕೇಳಿ, ನಿಮಗಿಂತ ಹೆಚ್ಚು ನನಗೇನು ಗೊತ್ತು ಎಂದು ಕೈಮುಗಿದ. ಕೈಗೆ ಸಿಕ್ಕ ಒಂದನ್ನು ತಂದೆ.

ಭಾನುವಾರ ಪ್ರಯೋಗ ಶುರುವಾಯಿತು. ವಿಧಾನವನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಗ್ಲಾಸಿಗೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲುವುದು, ಒಂದು ಚಮಚ ಕಂದು ಸಕ್ಕರೆ, ಗಟ್ಟಿ ಬಿಸಿ ಕಾಫಿ, ವಿಸ್ಕಿ, ಕೊನೆಗೆ ಅರ್ಧ ಕಡೆದ ಕೆನೆಯನ್ನು ಚಮಚದ ಬೆನ್ನ ಮೇಲಿಂದ ಮೆಲ್ಲಗೆ ಇಳಿಬಿಡುವುದು. ಕಲಕಬಾರದು. ತಣ್ಣನೆಯ ಕೆನೆಯ ಒಳಗಿಂದ ಬಿಸಿ ಕಾಫಿ ಬಾಯಿಗೆ ಬರಬೇಕು. ಇದರಲ್ಲಿ ಸಕ್ಕರೆಯ ಸಾಲನ್ನು ಮಾತ್ರ ನಾನು ಗೆರೆ ಎಳೆದು ಹೊಡೆದುಹಾಕಿದೆ. ಡಾಕ್ಟರರು ನನ್ನ ರಕ್ತ ಪರೀಕ್ಷೆ ನೋಡಿ ಹುಬ್ಬೇರಿಸಿದ ದಿನದಿಂದ ಸುಮಂಗಲೆ ಸಕ್ಕರೆ ಡಬ್ಬಿಯನ್ನು ಎಲ್ಲಿಡುತ್ತಾಳೋ ನನಗೆ ತಿಳಿಯದು. ಅದೂ ಅಲ್ಲದೆ, ಸಿಹಿ ಬೇಕಾದವರು ಮೇಲೆ ಹಾಕಿಕೊಂಡರಾಯಿತು ಎನ್ನುವುದು ನನ್ನ ತರ್ಕ.

ಕೆನೆ ಮುಳುಗಿತು. ಎರಡನೆಯ ಗ್ಲಾಸಿನಲ್ಲೂ ಮುಳುಗಿತು. ಮೂರನೆಯದರಲ್ಲಿ ಮುಳುಗಿ, ತುಣುಕುತುಣುಕಾಗಿ ಮೇಲೆ ಬಂದು ನನ್ನನ್ನು ನೋಡಿತು. ಹಾಲಿನಂಗಡಿಯಿಂದ ತಂದ ಕೆನೆ ಮುಗಿದಾಗ ಫ್ರಿಜ್ಜಿನಲ್ಲಿದ್ದ ಇನ್ನೊಂದು ಡಬ್ಬಿಗೆ ಕೈಹಾಕಿದೆ. ಕಾರ್ಖಾನೆಯಲ್ಲಿ ದಪ್ಪ ಅಳೆಯುವ ಅಳತೆಪಟ್ಟಿಯನ್ನು ಗ್ಲಾಸಿಗೆ ಹಿಡಿದು ನೋಡುತ್ತಿರುವಾಗ ಸುಮಂಗಲೆ ಒಳಬಂದಳು.

“ಅಯ್ಯ, ತುಪ್ಪಕ್ಕಂತ ಎಂಟು ದಿವಸದಿಂದ ಕೂಡಿಸಿದ್ದ ಕೆನೀರೀ ಅದು! ಎಲ್ಲಿ ಹಾಕಿದ್ರಿ?”

ಹಾಕಿದ್ದು ಮೋರಿಗೆ ಎಂದು ಹೇಳುವ ಧೈರ್ಯವಾಗಲಿಲ್ಲ. ವಿಸ್ಕಿ ಬೆರೆತಿದ್ದನ್ನು ನಾನು ಕುಡಿಯುವಂತಿಲ್ಲ, ಅವಳು ಮುಟ್ಟುವಂತಿಲ್ಲ. ಇಡೀ ಅಡುಗೆಮನೆಯಲ್ಲಿ ವಾಸನೆ ತುಂಬಿ, ರೊಟ್ಟಿ ತಟ್ಟಲು ಬಂದ ಸುಮಂಗಲೆ ಊದಿನಕಡ್ಡಿ ಹಚ್ಚಿ ಹೊರಗೆ ಹೋದಳು. ಹೋಗುವಾಗ, “ಮಗಳ ಮದಿವಿ ಮುರೀಲಿಕ್ಕೆ ಕೆನಿ ಮುಳುಗೂದ ಬ್ಯಾಡ, ನಿಮ್ಮ ಸಿಟ್ಟು ಒಂದಽ ಸಾಕು” ಎಂದಳು. ಈ ಮಾತು ನನಗೆ ನಾಟಿತು. ಯಾಕೆಂದರೆ ಮೇಘಾಳ ಹನ್ನೆರಡನೆಯ ತರಗತಿಯ ಪ್ರಾಂಶುಪಾಲರಿಂದ ಹಿಡಿದು ನಮ್ಮ ಸೊಸೈಟಿಯ ಕಾರ್ಯದರ್ಶಿಯವರೆಗೆ ನಾನು ಜಗಳ ಆಡದವರು ಕಡಿಮೆ. ಸುಮಂಗಲೆ ಹೆದರುತ್ತಿದ್ದುದು ಕೆನೆಗಲ್ಲ, ನನಗೆ. ಆ ಮಧ್ಯಾಹ್ನ ಗ್ಲಾಸುಗಳನ್ನೆಲ್ಲ ತೊಳೆದು ಬೋರಲು ಹಾಕಿದೆ. ಆಮೇಲೆ ಮತ್ತೆ ಇನ್ನೊಂದು ಗ್ಲಾಸು ಮಾಡಿದೆ. ಅದೂ ಮುಳುಗಿತು.

ಬೀಗರು ಬರುವ ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ಮೂವರೂ ಬಂದರು. ಅವಲಕ್ಕಿ ಚೂಡಾ, ಕರದಂಟು ಎಲ್ಲ ಆದವು. ನಾನು ಒಳಗೆ ಹೋಗಿ ಉಸಿರು ಬಿಗಿಹಿಡಿದು ಕೆನೆ ಸುರಿದೆ. ಅರ್ಧ ಮುಳುಗಿತು, ಅರ್ಧ ನಿಂತಿತು. ನಿಂತ ಅರ್ಧದ ಕಡೆ ಅವರಿಗೆ ಕಾಣುವ ಹಾಗೆ ಗ್ಲಾಸನ್ನು ತಟ್ಟೆಯಲ್ಲಿಟ್ಟು, ಹೆಂಗಸರಿಗೆಂದು ಪಕ್ಕದಲ್ಲಿ ಚಹಾ ಇಟ್ಟುಕೊಂಡು ಹೊರಬಂದೆ. ಗ್ಲಾಸನ್ನು ಲೇಲೆಯವರ ಮುಂದಿಟ್ಟು, ಕೂತುಕೊಳ್ಳದೆ, ಐರ್ಲೆಂಡಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಚಳಿ, ವಿಮಾನ, ಅಡುಗೆಯವನ ಮರುಕ, ಬ್ರೆಜಿಲ್ ಕಾಫಿಯೋ ಎಂದು ಕೇಳಿದವರು, ಎಲ್ಲವನ್ನೂ. ಎಲ್ಲರೂ ಗಮನವಿಟ್ಟು ಕೇಳಿದರು. ಮುಗಿದ ಮೇಲೆ ಲೇಲೆಯವರು ಸಂಕೋಚದಿಂದ ಗ್ಲಾಸನ್ನು ಒಂದಿಷ್ಟು ದೂರ ಸರಿಸಿದರು.

“ಮೀ ಘೇತ್ ನಾಹೀ ಹೋ. ಚಹಾ ಮಿಳೇಲ ಕಾ?”

ಅವರು ಕುಡಿಯುವವರೇ ಅಲ್ಲ. ಅವರಿಗೆ ಬೇಕಾದದ್ದು ಚಹಾ. ನಾನು ಚಹಾದ ಕಪ್ಪು ಎತ್ತುವಷ್ಟರಲ್ಲಿ ಅವರ ಪತ್ನಿ ಕೈಚಾಚಿ, “ತೋ ಮಾಝಾ ಆಹೇ ಬಹುತೇಕ” ಎನ್ನುತ್ತ, ಅದು ಬಹುಶಃ ನನ್ನದು ಎಂದು ನಗುತ್ತ, ಗ್ಲಾಸನ್ನು ತಮ್ಮ ಕಡೆ ಎಳೆದುಕೊಂಡರು. ಬೆಳಕಿಗೆ ಹಿಡಿದು ನೋಡಿದರು. ಒಂದು ಗುಟುಕು ಕುಡಿದರು.

“ಸಾಖರ್ ನಾಹೀ ಘಾತಲೀ?”

ಸಕ್ಕರೆ ಹಾಕಿಲ್ಲವೇ ಎಂದರು. ಬೇಕಾದವರು ಮೇಲೆ ಹಾಕಿಕೊಳ್ಳಬಹುದು ಎಂದೆ. ಆಕೆ ಎದ್ದು, ಬನ್ನಿ ಒಳಗೆ, ತೋರಿಸುತ್ತೇನೆ ಎಂದರು. ಅಡುಗೆಮನೆಯಲ್ಲಿ ಸುಮಂಗಲೆ ಎಲ್ಲಿಂದಲೋ ಸಕ್ಕರೆ ಡಬ್ಬಿ ತೆಗೆದುಕೊಟ್ಟಳು. ಕೇಟರಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಪಾನೀಯ ತಯಾರಿಕೆಯನ್ನೇ ಕಲಿಸಿದ್ದರಂತೆ ನಿಖಿಲನ ತಾಯಿ. ನಾನು ಎದ್ದುನಿಂತು ಹೇಳಿದ ಕಥೆ ಅವರ ಪ್ರತಿವರ್ಷದ ಮೊದಲ ಪಾಠವಂತೆ. ಕಾಲೇಜಿನಲ್ಲಿ ಕಲಿಸುತ್ತಿದ್ದರು ಎಂದು ಮಗಳು ಹೇಳಿದಾಗ ಏನನ್ನು ಎಂದು ನಾನು ಕೇಳಿರಲಿಲ್ಲ. ಸೀರೆ, ಕನ್ನಡಕ, ಹಣೆಯ ಚಿಕ್ಕ ಕುಂಕುಮ ನೋಡಿ ಮರಾಠಿ ವ್ಯಾಕರಣ ಎಂದು ನಾನೇ ನಿರ್ಧರಿಸಿಬಿಟ್ಟಿದ್ದೆ.

“ಸಕ್ಕರೆ ಬರೀ ರುಚಿಗಲ್ಲ,” ಎಂದು ಅವರು ಮರಾಠಿಯಲ್ಲಿ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ಬಿಡಿಸಿ ಹೇಳಿದರು. “ಸಕ್ಕರೆ ಕರಗಿದರೆ ಕಾಫಿ ಭಾರವಾಗುತ್ತದೆ. ಆಗ ಕೆನೆ ಮೇಲೆ ನಿಲ್ಲುತ್ತದೆ. ಬರೆದದ್ದನ್ನು ಯಾಕೆ ಹೊಡೆದುಹಾಕಿದಿರಿ?” ಗೋಡೆಯ ಹಾಳೆಯಲ್ಲಿ ನನ್ನ ಗೆರೆ ಹಾಗೆಯೇ ಇತ್ತು. ಪಂಪಿನ ನಕ್ಷೆಯಲ್ಲಿ ಯಾರಾದರೂ ಹೀಗೆ ಒಂದು ಸಾಲು ಹೊಡೆದಿದ್ದರೆ ನಾನು ಅವರ ನೌಕರಿ ಕಳೆಯುತ್ತಿದ್ದೆ. ಆಮೇಲೆ ಅವರು ಚಮಚವನ್ನು ನನ್ನ ಕೈಗೇ ಕೊಟ್ಟರು. ಮೊದಲ ಸಲ ಕೆಟ್ಟಿತು. ಇನ್ನೊಮ್ಮೆ ಎಂದರು. ಎರಡನೆಯ ಸಲ ಬಿಳಿಯ ಕೆನೆ ಕಪ್ಪು ಕಾಫಿಯ ಮೇಲೆ ಹಾಸಿಕೊಂಡು, ಅಲುಗಾಡದೆ ನಿಂತಿತು. “ನಿಂತ್ತಽ! ನಿಂತಿತ್ ನೋಡ್ರೀ!” ಎಂದು ನಾನು ಕೂಗಿದ ಕೂಗಿಗೆ ಹೊರಗಿದ್ದ ಮೂವರೂ ಓಡಿಬಂದರು. ಸುಮಂಗಲೆ ಮೇಲಿನ ಕೆನೆಯನ್ನಷ್ಟೇ ಚಮಚದ ತುದಿಯಲ್ಲಿ ತೆಗೆದು ನೆಕ್ಕಿ, “ತುಪ್ಪಾ ಮಾಡಿದ್ರ ಇನ್ನೂ ಛಲೋ ಆಗ್ತಿತ್ತು” ಎಂದಳು. ಲೇಲೆಯವರು ಚಹಾದ ಎರಡು ಕಪ್ಪು ಹಿಡಿದು ಬಂದು ಒಂದನ್ನು ನನಗೆ ಕೊಟ್ಟರು. ಇಬ್ಬರೂ ಅಲ್ಲಿಯೇ ನಿಂತು ಕುಡಿದೆವು.

ಮದುವೆ ಗೊತ್ತಾಯಿತು. ಹೊರಡುವಾಗ ಲಿಫ್ಟಿನ ಮುಂದೆ ನಿಂತು ಬೀಗಿತ್ತಿ ನನ್ನತ್ತ ತಿರುಗಿ, ಮೇಘಾ ಮೊದಲ ದಿನದಿಂದಲೂ ತನ್ನ ತಂದೆ ಬಹಳ ಶಾಂತ ಸ್ವಭಾವದವರು, ಯಾರ ಮೇಲೂ ದನಿ ಎತ್ತಿದವರಲ್ಲ ಎಂದು ಹೇಳುತ್ತಿದ್ದಳು ಎಂದರು. ಇವತ್ತು ನಾನು ಗದರಿದರೂ ನೀವು ಸುಮ್ಮನೆ ಕೇಳಿಕೊಂಡಿರಿ, ಹುಡುಗಿ ಹೇಳಿದ್ದು ನಿಜ ಎಂದರು. ಸುಮಂಗಲೆಗೆ ಕೆಮ್ಮು ಬಂತು. ಮೇಘಾ ಲಿಫ್ಟಿನ ಗುಂಡಿಯನ್ನು ಒತ್ತುತ್ತಲೇ ಇದ್ದಳು, ನನ್ನ ಮುಖ ನೋಡಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಪುಣೆಯವರು ನನ್ನ ಬಗ್ಗೆ ತಪ್ಪು ತಿಳಿದದ್ದನ್ನೆಲ್ಲ ನಿಂತಲ್ಲೇ ತಿದ್ದಿದವನು ನಾನು. ಇದೊಂದನ್ನು ತಿದ್ದಲು ಬಾಯಿ ತೆರೆದೆ. ಲಿಫ್ಟು ಬಂತು. ಕೈಮುಗಿದು, ಹಾಗೆಯೇ ಬಿಟ್ಟೆ.