ನಿಧಾನಿ ಸೇನೆಗೆ ಸೇರಿದ ದಿನ

ಆ ಪೋಸ್ಟರನ್ನು ಹಾಸಿಗೆ ಅಂಗಡಿಯ ಎದುರು ಗೋಡೆಗೆ ಅಂಟಿಸದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಪೋಸ್ಟರಿನಲ್ಲಿ ಒಬ್ಬ ಸೈನಿಕ ಎದೆ ಸೆಟೆಸಿ ನಿಂತಿದ್ದ. ಅವನ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಸೂರ್ಯ. ಅಂಗಡಿಯೊಳಗೆ ಕೂತು ಹಾಸಿಗೆಗೆ ಹತ್ತಿ ತುಂಬುತ್ತಿದ್ದ ನಿಧಾನಿಗೆ ಇವು ಯಾವುವೂ ಹಿಡಿಸಲಿಲ್ಲ. ಅವನ ಕಣ್ಣು ನೆಟ್ಟದ್ದು ಕೆಳಗಿನ ಸಾಲಿನ ಮೇಲೆ: ‘ಬನ್ನಿ, ನಮ್ಮ ಅಧಿಕಾರಿಯ ಜೊತೆ ಮಾತಾಡಿ, ಆಮೇಲೆ ತೀರ್ಮಾನಿಸಿ.’

ಆಮೇಲೆ! ಇಷ್ಟು ಮರ್ಯಾದೆಯ ಮಾತನ್ನು ಅವನಿಗೆ ಯಾರೂ ಆಡಿರಲಿಲ್ಲ.

ನಿಧಾನಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಚಪ್ಪಲಿ ಕೊಳ್ಳಲು ಹೋದರೆ ಅವನು ಎಡಗಾಲಿನದನ್ನು ಒಪ್ಪಿ, ಬಲಗಾಲಿನದರ ಬಗ್ಗೆ ಯೋಚಿಸಲು ಮನೆಗೆ ಬರುತ್ತಿದ್ದ. ಅವನು ಯೋಚಿಸಿ ಮುಗಿಸುವ ಹೊತ್ತಿಗೆ ಬೇರೆ ಯಾರಾದರೂ ತೀರ್ಮಾನ ಮಾಡಿಬಿಟ್ಟಿರುತ್ತಿದ್ದರು. ಅಂಗಿಯ ಬಣ್ಣ ಅತ್ತಿಗೆಯದು, ಕೆಲಸ ಅಣ್ಣ ಹುಡುಕಿದ್ದು, ಕ್ರಾಪು ಕ್ಷೌರದಂಗಡಿಯವನ ಇಷ್ಟದ್ದು. ತನ್ನದು ಅಂತ ಅವನಿಗಿದ್ದದ್ದು ಮಹಡಿಯ ಮೇಲಿನ ಒಂದು ಪುಟ್ಟ ಕೋಣೆ, ಅದರಲ್ಲಿ ತಾನೇ ಆಯ್ದ ಹತ್ತಿ ತುಂಬಿ, ತಾನೇ ಹೊಲಿದುಕೊಂಡ ಒಂದು ಹಾಸಿಗೆ. ಸೇನೆಗೆ ಸೇರುವುದೋ ಬೇಡವೋ ಎನ್ನುವ ಈ ಒಂದು ವಿಷಯವನ್ನಾದರೂ ಯಾರೂ ಕೈ ಹಾಕದ ಹಾಗೆ ತಾನೇ ತೀರ್ಮಾನಿಸಬೇಕು ಅಂತ ಅವನಿಗೆ ಆಸೆಯಾಯಿತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಮೆಲ್ಲಗೆ ಹೇಳಿದ: “ಅತ್ತಿಗೆ, ಇವತ್ತು ಅಂಗಡಿಗೆ ರಜ. ಸೇನೆಗೆ ಸೇರಿಸ್ಕೊಳ್ಳೋ ಸಾಹೇಬ್ರ ಹತ್ರ ಹೋಗಿ ಬರ್ತೀನಿ. ಬರೀ ಮಾತಾಡೋಕೆ.”

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಅಯ್ಯೋ, ಸೇನೆಗೆ ಸೇರ್ತಿದೀಯೇನೋ?”

“ಸೇರ್ತಿಲ್ಲ ಅತ್ತಿಗೆ. ಕೇಳೋಕೆ ಹೋಗ್ತಿದೀನಿ.”

“ನಿಮ್ಮ ತಮ್ಮ ಸೇನೆಗೆ ಹೋಗ್ತಾನಂತೆ, ಕೇಳಿಸ್ತಾ?” ಎಂದು ಅತ್ತಿಗೆ ಬಚ್ಚಲುಮನೆಯ ಬಾಗಿಲಿಗೆ ಕೂಗಿ ಹೇಳಿದರು. ಒಳಗಿಂದ ಅಣ್ಣ, “ಹೂಂ, ಒಳ್ಳೇದು,” ಎಂದ. ಮೈಗೆ ಸೋಪು ಹಚ್ಚಿಕೊಂಡಿದ್ದಾಗ ಅಣ್ಣ ಏನು ಕೇಳಿದರೂ ಹೂಂ ಅನ್ನುವವನೇ. ಆದರೆ ಅತ್ತಿಗೆಗೆ ಅಷ್ಟು ಸಾಕಾಯಿತು. ಕಾಂಪೌಂಡಿನ ಆಚೆಗೆ ಸುದ್ದಿ ಹೋಯಿತು. ನಿಧಾನಿ ಲೋಟ ತೊಳೆದಿಟ್ಟು ಹೊರಗೆ ಬರುವಷ್ಟರಲ್ಲಿ ಅದು ಬೀದಿಯ ಕೊನೆ ಮುಟ್ಟಿ, ಒಂದಕ್ಕೆರಡಾಗಿ ವಾಪಸ್ಸು ಬಂದಿತ್ತು.

ಗೇಟಿನ ಹತ್ತಿರವೇ ಪೋಸ್ಟ್ ತಾತ ಕಾದಿದ್ದರು. ಅಂಚೆ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಊರಿನ ಸುದ್ದಿಯನ್ನು ಬಾಯಿಂದಲೇ ಬಟವಾಡೆ ಮಾಡುತ್ತಿದ್ದರು.

“ಭಲೇ ಮಗನೇ! ಎಲ್ಲಿ, ಒಂದು ಸಲ್ಯೂಟ್ ಹೊಡಿ ನೋಡೋಣ.”

“ತಾತ, ನಾನು ಬರೀ ಮಾತಾಡೋಕೆ...”

“ಸಲ್ಯೂಟ್ ಹೊಡೀದೇ ಇದ್ರೆ ಮಾತೆಲ್ಲಿ ಆಡಿಸ್ತಾರೋ? ಕೈ ಎತ್ತು. ಹಾಗಲ್ಲ, ಬಿಸಿಲಿಗೆ ಕೈ ಅಡ್ಡ ಹಿಡ್ಕೊಂಡ ಹಾಗಿದೆ. ಇನ್ನೊಂದ್ಸಲ!”

ನಿಧಾನಿ ಬಲಗೈ ಎತ್ತಿದ, ಎಡಗಾಲು ಬಡಿದ. ಚಪ್ಪಲಿ ಹಾರಿ ಚರಂಡಿಗೆ ಬಿತ್ತು. ಅದನ್ನು ಕಡ್ಡಿಯಿಂದ ಎತ್ತಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ರಟ್ಟೆ ಹಿಡಿದರು. ಕ್ಷೌರದಂಗಡಿಯವನು.

“ಈ ಕಾಡು ಇಟ್ಕೊಂಡು ಸಾಹೇಬ್ರ ಮುಂದೆ ನಿಲ್ತೀಯಾ? ನನ್ನ ಮಾನ ಏನಾಗ್ಬೇಕು? ಬಾ ಒಳಗೆ.”

“ಅಣ್ಣಾ, ಸ್ವಲ್ಪ ಯೋಚನೆ ಮಾಡಿ...”

“ಯೋಚನೆ ನೀನು ಮಾಡ್ತಿರು, ಕೂದಲು ನಾನು ನೋಡ್ಕೋತೀನಿ.”

ಮೆಷಿನ್ನು ಹಣೆಯಿಂದ ಹೊರಟು ಕುತ್ತಿಗೆಯವರೆಗೆ ನಿಲ್ಲದೆ ಓಡಿತು. ನಿಧಾನಿ ಬೇಡ ಎನ್ನಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಎರಡು ಕಿವಿಗಳು, ಅವುಗಳ ಮಧ್ಯೆ ಒಂದು ಗಾಬರಿ.

ಹೀಗೆ ಅವನು ಸಾಹೇಬರ ಆಫೀಸು ತಲುಪಿದಾಗ ಹಿಂದೆ ಅತ್ತಿಗೆ, ಪೋಸ್ಟ್ ತಾತ, ಅಂಗಡಿ ಬಾಗಿಲು ಹಾಕಿಕೊಂಡು ಬಂದ ಕ್ಷೌರದವನು, ಜೊತೆಗೆ ಯಾಕೆ ಹೋಗುತ್ತಿದ್ದಾರೆಂದು ತಿಳಿಯದಿದ್ದರೂ ಸೇರಿಕೊಂಡ ನಾಲ್ಕಾರು ಜನ. ಬಾಗಿಲಲ್ಲಿ ಜೀಪು, ಜೀಪಿಗೆ ಒರಗಿಕೊಂಡು ಆಕಳಿಸುತ್ತಿದ್ದ ಡ್ರೈವರ್.

ಸಾಹೇಬರು ಪೋಸ್ಟರಿನ ಸೈನಿಕನ ಹಾಗಿರಲಿಲ್ಲ. ದೊಡ್ಡ ಮೀಸೆ, ಅದರ ಮೇಲೆ ನಿದ್ದೆಯಿಲ್ಲದೆ ಕೆಂಪಾದ ಎರಡು ಕಣ್ಣು.

“ಕೂತ್ಕೊಳ್ಳಿ. ಏನು ಓದಿದೀರಿ?”

“ಏಳನೇ ಕ್ಲಾಸು, ಸಾರ್,” ಎಂದರು ಪೋಸ್ಟ್ ತಾತ, ಬಾಗಿಲಿಂದ.

“ಏನು ಕೆಲಸ?”

“ಹಾಸಿಗೆ ಹೊಲೀತಾನೆ, ತುಂಬಾ ಒಳ್ಳೇ ಹುಡುಗ,” ಎಂದರು ಅತ್ತಿಗೆ.

“ತಲೆ ನೋಡಿ ಸಾರ್, ಈಗಲೇ ಟೋಪಿ ಹಾಕ್ಬಹುದು,” ಎಂದ ಕ್ಷೌರದವನು.

ಸಾಹೇಬರು ಎದ್ದುಹೋಗಿ ಬಾಗಿಲು ಹಾಕಿ, ಚಿಲಕವನ್ನೂ ಹಾಕಿದರು. ಕೋಣೆ ಇದ್ದಕ್ಕಿದ್ದ ಹಾಗೆ ದೊಡ್ಡದಾಯಿತು.

“ಈಗ ಹೇಳಿ. ನಿಮ್ಮ ಮನಸ್ಸಲ್ಲಿ ಏನಿದೆ?”

ನಿಧಾನಿ ಕುರ್ಚಿಯ ಅಂಚಿಗೆ ಸರಿದ. “ಗೊತ್ತಿಲ್ಲ ಸಾರ್. ಅದನ್ನೇ ಕೇಳೋಕೆ ಬಂದೆ. ಅಲ್ಲಿ ದಿನ ಹೇಗಿರುತ್ತೆ?”

ಸಾಹೇಬರು ಮುಚ್ಚುಮರೆಯಿಲ್ಲದೆ ಹೇಳಿದರು. ಬೆಳಕು ಹರಿಯುವ ಮೊದಲೇ ಏಳಬೇಕು. ಓಡಬೇಕು. ತಣ್ಣೀರು ಸ್ನಾನ, ಮತ್ತೆ ಓಟ. ಮಲಗಲು ಕಬ್ಬಿಣದ ಮಂಚ. ಊಟ ಹೊಟ್ಟೆ ತುಂಬ, ಸಂಬಳ ತಪ್ಪದೆ. ಒಳ್ಳೆಯ ಗೆಳೆಯರು ಸಿಗುತ್ತಾರೆ. ಮನೆ ನೆನಪಾಗುತ್ತದೆ.

“ಬೆಳಕು ಹರಿಯೋ ಮೊದಲೇ ಅಂದ್ರೆ... ದಿನಾ ಸಾರ್?”

“ದಿನಾ.”

ನಿಧಾನಿ ನೆಲ ನೋಡಿದ, ಫ್ಯಾನು ನೋಡಿದ. ಜೀವನದಲ್ಲಿ ಮೊದಲ ಸಲ ಅವನೊಳಗೆ ಏನೋ ಚಕ್ಕನೆ ತೀರ್ಮಾನವಾಯಿತು. “ನನಗೆ ಬೇಡ ಸಾರ್.” ಹೇಳಿ ತಾನೇ ಬೆಚ್ಚಿಬಿದ್ದ. ಯಾರೂ ಅವನ ಬಾಯಿಗೆ ಈ ಮಾತು ತುರುಕಿರಲಿಲ್ಲ!

ಸಾಹೇಬರು ನಕ್ಕು ಕೈ ಕುಲುಕಿದರು. “ಭೇಷ್. ಆರು ತಿಂಗಳಾದ ಮೇಲೆ ಅಳ್ತಾ ಹೇಳೋದಕ್ಕಿಂತ ಈಗಲೇ ಹೇಳಿದ್ದು ಮೇಲು. ಆದರೆ ಆಚೆ ನಿಮ್ಮೋರು ನಿಂತಿದಾರಲ್ಲ, ಸುಮ್ನೆ ಬಿಡಲ್ಲ. ಹಿಂದಿನ ಬಾಗಿಲಿಂದ ಹೋಗಿ.”

ಎಂಥ ದೊಡ್ಡ ಮನುಷ್ಯ ಅಂತ ನಿಧಾನಿಗೆ ಅನ್ನಿಸಿತು. ಹಿಂದಿನ ಬಾಗಿಲಿಂದ ಇಳಿದು, ಕೆರೆ ಏರಿಯ ಮೇಲೆ ಹೋಗಿ ಕೂತ. ಬೋಳುತಲೆಗೆ ಗಾಳಿ ತಣ್ಣಗೆ ತಾಗುತ್ತಿತ್ತು. ಬೇಡ, ಬೇಡ ಎಂದು ಎರಡು ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿದ. ಪ್ರತಿ ಸಲವೂ ರುಚಿಯಾಗಿತ್ತು. ದಂಡೆಯ ಮೇಲೆ ಕಡಲೆಕಾಯಿ ಮಾರುವವಳು, “ಬೇಡ ಅಂದ್ರೆ ಬಿಡಪ್ಪಾ, ಅದಕ್ಯಾಕೆ ಕೂಗ್ತೀಯ?” ಎಂದಳು. ಅವನು ಒಂದು ಪೊಟ್ಟಣ ಕೊಂಡು, ಸಾಯಂಕಾಲದವರೆಗೆ ಒಂದೊಂದಾಗಿ ಬಿಡಿಸಿ ತಿಂದ.

ಮನೆಗೆ ಬಂದಾಗ ಬಾಗಿಲಲ್ಲಿ ಜೀಪು ನಿಂತಿತ್ತು. ಅತ್ತಿಗೆ ಅವನನ್ನು ನೋಡಿ ಗೋಡೆ ಹಿಡಿದುಕೊಂಡರು.

“ನೀನು! ತಪ್ಪಿಸ್ಕೊಂಡು ಬಂದ್ಯೇನೋ?”

“ಸೇರಲೇ ಇಲ್ಲ ಅತ್ತಿಗೆ. ಬೇಡ ಅಂದುಬಿಟ್ಟೆ.”

“ಮಧ್ಯಾಹ್ನದವರೆಗೆ ಅಲ್ಲೇ ಕಾದ್ವಲ್ಲೋ! ಒಳಗೆ ಹೋದೋನು ಹೊರಗೆ ಬರಲೇ ಇಲ್ಲ, ಸಾಹೇಬ್ರು ಬಾಗಿಲೂ ತೆಗೀಲಿಲ್ಲ. ಡ್ರೈವರ್ ಅಂದ, ಬರಲಿಲ್ಲ ಅಂದ್ರೆ ಸೇರಿದ ಹಾಗೇ ಅಂತ. ನಾನು ಎಷ್ಟು ಅತ್ತೆ ಗೊತ್ತಾ? ಪಾಪ, ಅವನೇ ಸಮಾಧಾನ ಮಾಡಿದ. ಮಾತಿಗೆ ಮಾತು ಬಂತು. ಸಾಹೇಬ್ರಿಗೆ ಒಂದು ಕೋಣೆ ಹುಡುಕ್ತಿದೀನಿ, ಲಾಡ್ಜಲ್ಲಿ ತಿಗಣೆ ಕಾಟ, ನಿದ್ದೇನೇ ಇಲ್ಲ ಅಂದ. ನಮ್ಮನೇಲಿ ಈಗ ತಾನೇ ಒಂದು ಖಾಲಿಯಾಯ್ತಲ್ಲಪ್ಪಾ ಅಂದೆ...”

ನಿಧಾನಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ. ಅವನ ಮೊಳೆಗೆ ಸಮವಸ್ತ್ರ ನೇತುಹಾಕಿತ್ತು. ಕಿಟಕಿಯ ಕೆಳಗೆ ಟ್ರಂಕು. ಹಾಸಿಗೆಯ ಮೇಲೆ ಬೂಟು ಬಿಚ್ಚಿಕೊಂಡು ಸಾಹೇಬರು ಕೂತಿದ್ದರು.

“ಅರೆ, ಇದು ನಿಮ್ಮ ಮನೆಯಾ?” ಅವರು ಗಡಬಡಿಸಿ ಎದ್ದರು. “ಕೋಣೆ ನಿಮ್ದು ಅಂತ ಗೊತ್ತಿರಲಿಲ್ಲ. ನಾನು ಲಾಡ್ಜಿಗೇ ಹೋಗ್ತೀನಿ.”

ಅಷ್ಟರಲ್ಲಿ ಅತ್ತಿಗೆ, ಪೋಸ್ಟ್ ತಾತ, ಅಣ್ಣ ಬಾಗಿಲು ತುಂಬಿ ನಿಂತಿದ್ದರು.

“ಎಲ್ಲಾದ್ರೂ ಉಂಟಾ ಸಾರ್? ಅವನು ಮೆಟ್ಟಿಲ ಕೆಳಗೆ ಮಲಗ್ತಾನೆ. ಅವನಿಗೇನು!” ಎಂದರು ಅತ್ತಿಗೆ.

“ನಮ್ಮ ಬೀದೀಲಿ ಸಾಹೇಬ್ರು ಇರೋದು ಅಂದ್ರೆ ಸಾಮಾನ್ಯವೇ?” ಎಂದರು ತಾತ.

ಅಣ್ಣ ಹೂಂ ಎಂದ. ಈ ಸಲ ಮೈಮೇಲೆ ಸೋಪು ಇರಲಿಲ್ಲ.

ಎಲ್ಲರೂ ನಿಧಾನಿಯ ಕಡೆ ತಿರುಗಿದರು. ಅವನು ಬಾಯಿ ತೆರೆದ. ಬೆಳಿಗ್ಗೆ ಅಷ್ಟು ಸಲೀಸಾಗಿ ಬಂದ ಮಾತು ಈಗ ನಾಲಿಗೆಯ ತುದಿಯಲ್ಲಿ ಯೋಚಿಸುತ್ತಾ ಕೂತಿತು. ಹಿಂದಿನ ಬಾಗಿಲು ತೋರಿಸಿದ ಪುಣ್ಯಾತ್ಮನನ್ನು ಮುಂದಿನ ಬಾಗಿಲಿಂದ ಹೇಗೆ ಕಳಿಸುವುದು? ಅವನು ಯೋಚಿಸುತ್ತಿದ್ದಂತೆಯೇ ಅತ್ತಿಗೆ ಸಾಹೇಬರಿಗೆ ಹೊದಿಕೆ ತಂದುಕೊಟ್ಟು ಆಗಿತ್ತು.

“ಹಾಸಿಗೆ ಮಾತ್ರ ಬಹಳ ಚೆನ್ನಾಗಿದೆ,” ಎಂದರು ಸಾಹೇಬರು ಸಂಕೋಚದಿಂದ, ಅಂಗೈಯಿಂದ ಒತ್ತಿ ನೋಡುತ್ತಾ. “ಎಲ್ಲಿ ಸಿಕ್ತು ಇಂಥದ್ದು?”

“ನಾನೇ ಹೊಲಿದಿದ್ದು ಸಾರ್,” ಎಂದ ನಿಧಾನಿ. ಬೇಜಾರಿನ ಮಧ್ಯೆಯೂ ಅವನ ಮುಖ ಅರಳಿತು.

“ಹಾಗಾದ್ರೆ ಒಂದು ಉಪಕಾರ ಮಾಡ್ಬೇಕು ನೀವು.” ಸಾಹೇಬರು ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡಿ. ಸೇನೆಗೆ ಸೇರಿ ಇಷ್ಟು ವರ್ಷ ಆಯ್ತು, ನಾನಾಗೇ ಎದ್ದಿದ್ದು ಒಂದು ದಿನಾನೂ ಇಲ್ಲ. ಅಲ್ಲಿ ಯಾರಾದ್ರೂ ಎಬ್ಬಿಸ್ತಿದ್ರು. ಲಾಡ್ಜಲ್ಲಿ ತಿಗಣೆ ಎಬ್ಬಿಸ್ತಿತ್ತು. ಇದರ ಮೇಲೆ ಮಲಗಿದ್ರೆ ನಾನು ಏಳೋದು ಸುಳ್ಳು. ದಿನಾ ಬೆಳಕು ಹರಿಯೋ ಮೊದಲೇ ಸ್ವಲ್ಪ ಎಬ್ಬಿಸ್ತೀರಾ?”

“ಎಬ್ಬಿಸ್ತಾನೆ ಸಾರ್!” ಎಂದರು ಅತ್ತಿಗೆ ಬಾಗಿಲಿಂದ.

ಮರುದಿನ ಕೋಳಿಯೂ ಏಳದ ಹೊತ್ತಿನಲ್ಲಿ ನಿಧಾನಿ ಮೆಟ್ಟಿಲ ಕೆಳಗಿನಿಂದ ತೆವಳಿಕೊಂಡು ಎದ್ದ. ತಲೆ ಮೆಟ್ಟಿಲಿಗೆ ಠಣ್ ಎಂದು ತಾಗಿತು. ತಡೆಯಲು ಒಂದು ಕೂದಲೂ ಇರಲಿಲ್ಲ. ತಡವರಿಸಿಕೊಂಡು ಮಹಡಿ ಹತ್ತಿ ಸಾಹೇಬರ ಕಾಲು ಅಲ್ಲಾಡಿಸಿದ, ಭುಜ ಅಲ್ಲಾಡಿಸಿದ, ಕೊನೆಗೆ ಮಂಚವನ್ನೇ ಅಲ್ಲಾಡಿಸಿದ. ಮೀಸೆ ಮಾತ್ರ ಉಸಿರಿಗೆ ತಕ್ಕಂತೆ ಏಳುತ್ತಿತ್ತು, ಇಳಿಯುತ್ತಿತ್ತು.

ನಿಧಾನಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. ತಪ್ಪು ಅತ್ತಿಗೆಯದಲ್ಲ, ಸೇನೆಯದೂ ಅಲ್ಲ. ಹತ್ತಿಯನ್ನು ಅಷ್ಟು ಚೆನ್ನಾಗಿ ತುಂಬಿದವನದು. ಹಾಗೆ ನೆನೆದಾಗ ಒಳಗೊಳಗೇ ಒಂದು ಬಗೆಯ ಖುಷಿಯೂ ಆಯಿತು.

“ಏಳಿ ಸಾರ್! ಸಾರ್, ಏಳೀ!”

ಎದುರುಮನೆಯ ಕಿಟಕಿ ತೆರೆಯಿತು. ಪೋಸ್ಟ್ ತಾತ ಕತ್ತು ಹೊರಗೆ ಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗಿದರು:

“ನೋಡ್ರೋ, ನಮ್ಮ ನಿಧಾನಿ! ಸೇನೆಗೆ ಸೇರಿ ಒಂದೇ ದಿನ, ಆಗಲೇ ಸಾಹೇಬ್ರಿಗೇ ಆರ್ಡರ್ ಕೊಡ್ತಿದಾನೆ!”