ನಾಲ್ಕನೇ ಜ್ವರಕ್ಕೆ ಔಷಧಿ ಬೇಡ

ರೇಷ್ಮೆ ಹುಳ ಸಾಕುವ ಮನೆಗೆ ಸೊಸೆಯಾಗಿ ಬಂದರೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ಈ ಸಲ ನಮ್ಮ ಹಿಪ್ಪುನೇರಳೆ ಸೊಪ್ಪಿಗೆ ಹಿಟ್ಟು ತಿಗಣೆ ಬಿತ್ತು. ವಿಷ ಹೊಡೆದರೆ ತಿಗಣೆ ಸಾಯುತ್ತದೆ, ಆ ಸೊಪ್ಪು ತಿಂದ ನಮ್ಮ ಹುಳವೂ ಸಾಯುತ್ತದೆ. ಹಿಂದಿನ ಬೆಳೆ ಹಾಗೇ ಹೋಗಿತ್ತು. “ಈ ಬೆಳೆನೂ ಹೋದ್ರೆ ಹುಳದ ಮನೆಗೆ ಬೀಗ, ನಾನು ಹಾರೋಹಳ್ಳಿ ಫ್ಯಾಕ್ಟರಿಗೆ” ಎಂದರು ಯಜಮಾನರು. ತಿಗಣೆಯನ್ನು ತಿನ್ನುವ ಗುಲಗಂಜಿ ಹುಳ ಬಿಡಿ ಎಂದರು ರೇಷ್ಮೆ ಆಫೀಸಿನವರು. ಅದನ್ನು ತರುವ ಕೆಲಸ, ಮನೆಯಲ್ಲಿ ಹತ್ತನೇ ಕ್ಲಾಸು ಕಂಡವಳೆಂದು, ನನ್ನ ತಲೆಗೆ ಬಂತು.

೧. ಹೆಣ್ಣಾದರೆ ಫ್ರೀ

ರಾಮನಗರದಿಂದ ಕನಕಪುರದ ಬಸ್ಸು. ತೊಡೆಯ ಮೇಲೆ ಹುಳದ ಡಬ್ಬ.

“ಏನಮ್ಮ ಅದು?” ಎಂದರು ಕಂಡಕ್ಟರ್.

“ಹುಳ ಕಣಣ್ಣ.”

ಪಕ್ಕದಲ್ಲಿ ಕೂತಿದ್ದಾಕೆ ಎದ್ದು ನಿಂತಳು.

“ಜೀವ ಇರೋದಕ್ಕೆಲ್ಲ ಟಿಕೆಟ್ ಆಗ್ತದೆ.”

“ಎಲ್ಲಾ ಹೆಣ್ಣುಳ. ಹೆಂಗಸ್ರಿಗೆ ಫ್ರೀ ಅಲ್ವಾ?”

ಕಂಡಕ್ಟರ್ ಕಡಿಮೆಯವರೇನಲ್ಲ. “ಹಂಗಾದ್ರೆ ಆಧಾರ್ ತೋರ್ಸೋಕೇಳಿ.”

ನಾನು ಡಬ್ಬದ ಮುಚ್ಚಳಕ್ಕೆ ಕೈ ಹಾಕಿದೆ. “ನೀವೇ ಒಸಿ ಕೇಳ್ಕಳಿ.”

ಕನಕಪುರ ಬರುವವರೆಗೂ ಕಂಡಕ್ಟರ್ ಹಿಂದಿನ ಬಾಗಿಲು ಬಿಟ್ಟು ಮುಂದಕ್ಕೆ ಬರಲಿಲ್ಲ.

೨. ಅತ್ತೆಯ ಬೇಟೆ

ಗುಲಗಂಜಿ ಹುಳ ತೋಟದಲ್ಲಿ ಮರಿ ಮಾಡಿತು. ಆ ಮರಿಗಳ ಮೈಮೇಲೂ ಬಿಳೀ ಹಿಟ್ಟು, ನೋಡಿದರೆ ತಿಗಣೆಯೇ ಅನ್ನಬೇಕು. ಇದನ್ನು ಮನೆಯವರಿಗೆ ಹೇಳುವುದು ಮರೆತೆ. ಒಂದು ಬೆಳಗ್ಗೆ ನಮ್ಮತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೆದ್ದವರ ಹಾಗೆ ಬಂದರು.

“ನಿನ್ನ ಗುಲಗಂಜಿ ಎಲ್ಲೋದ್ವೋ ಕಾಣೆ. ತಿಗಣೆ ಮಾತ್ರ ಕುದ್ರೆ ಓಡ್ದಂಗೆ ಓಡ್ತಿದ್ವು. ಒಂದು ಸಾಲಿಂದೆಲ್ಲ ಹಿಡ್ದು ಹೊಸಕ್ಬುಟ್ಟೆ!”

“ಅಯ್ಯೋ ಅತ್ತೆ, ಓಡಾಡೋವು ನಮ್ಮವು! ಇದ್ದಲ್ಲೇ ಕೂತ್ಕಂಡು ತಿಂತವಲ್ಲ, ಅವೇ ಪೀಡೆ!”

ಅತ್ತೆ ನಿಧಾನಕ್ಕೆ ಜಗುಲಿಯ ಕಡೆ ತಿರುಗಿದರು. ಅಲ್ಲಿ ಅವರ ಮಗ ಮೂರನೇ ಮುದ್ದೆ ಮುರಿಯುತ್ತಿದ್ದರು.

“ಹಂಗಾದ್ರೆ ಇವನ್ಗೂ ಒಂದು ಹುಳ ತರ್ಬೇಕಿತ್ತಲ್ಲವ್ವ.”

೩. ನಾಲ್ಕನೇ ಜ್ವರ

ಪುಣ್ಯಕ್ಕೆ ಉಳಿದ ಸಾಲುಗಳ ಮರಿಗಳು ಕೆಲಸ ಮುಗಿಸಿದವು. ಸೊಪ್ಪು ಹಸಿರಾಯಿತು. ರೇಷ್ಮೆ ಮರಿ ತಂದು ಮೇಯಿಸಿದೆವು.

ಆಗ ಪಕ್ಕದ ಹೊಲದಲ್ಲಿ ಟೊಮೇಟೊಗೆ ಹುಳ ಬಿತ್ತು. ಹೊಲ ಗುತ್ತಿಗೆಗೆ ಹಿಡಿದಿದ್ದವನು ಬೇರೆ ಸೀಮೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದ ಹುಡುಗ. ಅವನು ಭಾನುವಾರ ವಿಷ ಹೊಡೆದರೆ ಗಾಳಿಗೆ ನಮ್ಮ ಸೊಪ್ಪಿನ ಮೇಲೇ. ಫೋನ್ ಮಾಡಿದೆ. ಆ ಕಡೆ ಮಿಷನ್ ಸದ್ದು.

“ನಮ್ಮನೇಲಿ ನಾಲ್ಕನೇ ಜ್ವರ ಕಣಪ್ಪ! ಔಷಧಿ ಬ್ಯಾಡ! ಔಷಧಿ ವಾಸ್ನೆ ಬಡಿದ್ರೆ ಒಂದೂ ಉಳಿಯಲ್ಲ!”

ರೇಷ್ಮೆ ಹುಳ ಪೊರೆ ಬಿಡಲು ನಾಲ್ಕು ಸಲ ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ, ಬೆಳೆಗೆ ಹೊಡೆಯುವ ವಿಷವನ್ನು ಔಷಧಿ ಅನ್ನುತ್ತೇವೆ. ಅವನಿಗೆ ಎರಡೂ ಗೊತ್ತಿಲ್ಲ. ಭಾನುವಾರ ಸ್ಪ್ರೇಯರ್ ಬದಲು, ಹೊಸದಾಗಿ ಬಂದಿದ್ದ ಮಂಗಳೂರು ಕಡೆಯ ನರ್ಸಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ನಾನು ಮಗಳನ್ನು ಎತ್ತಿಕೊಂಡು ತೋಟದಿಂದ ಬರುವಷ್ಟರಲ್ಲಿ ಜಗುಲಿಯಲ್ಲಿ ಅತ್ತೆಯ ವಿಚಾರಣೆ ನಡೆದಿತ್ತು.

“ಎಷ್ಟು ಮಂದಿಗೆ ಜ್ವರ, ಅಜ್ಜಿ?”

“ಎಲ್ಲಕ್ಕೂ ಒಟ್ಟಿಗೇ ಬಂದೈತೆ ಕಣವ್ವ. ತಲೆ ಎತ್ಕಂಡು ಮಲಗವೆ.”

“ಊಟ?”

“ಜ್ವರದಾಗೆ ತಿಂತಾವಾ?”

“ಔಷಧಿ ಬೇಡ ಅಂದಿರಂತೆ. ಮತ್ತೇನು ಮಾಡಿದ್ದೀರಿ?”

“ಮೈಮೇಲೆ ಸುಣ್ಣದ ಪುಡಿ ಎರಚಿದೀವಿ.”

ನರ್ಸಮ್ಮ ಥರ್ಮಾಮೀಟರ್ ಕೆಳಗಿಟ್ಟು ಫೋನ್ ಕೈಗೆತ್ತಿಕೊಂಡರು. “ಅಯ್ಯೋ ದೇವರೇ! ಜ್ವರ ಬಿಟ್ಟ ಮೇಲೆ?”

“ಚರ್ಮ ಕಳಚ್ಕಂಡು ಏಳ್ತವೆ. ಹೊಟ್ಟೆ ತುಂಬ ಮೇಯಿಸಿ, ಗೂಡಾದ್ಮೇಲೆ ರಾಮನಗರದ ಮಾರ್ಕೆಟ್‌ಗೆ ಹಾಕ್ಬುಡ್ತೀವಿ.”

ಪೊಲೀಸರಿಗೆ ಫೋನ್ ಹೋಗುವ ಮೊದಲು ನಾನು ಓಡಿಬಂದು ಹುಳದ ಮನೆಯ ಬಾಗಿಲು ತೆಗೆದೆ. ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿಕೊಂಡು ಮಲಗಿದ್ದ ರೋಗಿಗಳನ್ನು ಕಂಡು ಹುಡುಗ ಹಣೆ ಚಚ್ಚಿಕೊಂಡ. “ಅಕ್ಕಾ, ನಿಮ್ ತೋಟಕ್ಕೆ ಗುಲಗಂಜಿ ಹುಳ ಬಿಟ್ರಲ್ಲ, ನನ್ ಟೊಮೇಟೊಗೂ ಅಂಥದ್ದೇ ಯಾವ್ದಾದ್ರೂ ಒಳ್ಳೇ ಹುಳ ಕೇಳ್ಕೊಡಿ. ನಿಮ್ಮ ಜ್ವರದ ತಂಟೆಗೆ ನಾನು ಬರಲ್ಲ” ಎಂದು ಕೈ ಮುಗಿದ. ಆ ಭಾನುವಾರ ಅವನು ವಿಷ ಹೊಡೆಯಲಿಲ್ಲ. ನಮ್ಮ ಹುಳ ಉಳಿಯಿತು.

ನರ್ಸಮ್ಮನಿಗೆ ಮಾತ್ರ ಅನುಮಾನ ಪೂರಾ ಹೋಗಿರಲಿಲ್ಲ. ಹೊರಡುವಾಗ ನನ್ನ ಸೊಂಟದ ಮೇಲಿದ್ದ ಮಗಳ ಹಣೆ ಮುಟ್ಟಿ ನೋಡಿ, “ಈ ಮಗುವಿಗೇನೂ ಜ್ವರ ಇಲ್ಲವಲ್ಲ?” ಎಂದರು.

“ಇಲ್ಲ ಬುಡವ್ವ” ಎಂದು ಅತ್ತೆ ಧೈರ್ಯ ಹೇಳಿದರು. “ಇದನ್ನ ಮಾರಲ್ಲ.”